ತೈಲದ ಬೆಲೆ ಪರರದು, ಬಳಕೆ ನಮ್ಮದು

ಭಾರತವು 2022-23ರಲ್ಲಿ ಸುಮಾರು 23 ಕೋಟಿ ಟನ್ ಕಚ್ಚಾ ತೈಲವನ್ನು ಆಮದು ಮಾಡಿಕೊಂಡಿತು. ಅದಕ್ಕೆ ತೆತ್ತ ಹಣ 15,000 ಕೋಟಿ ಡಾಲರಿಗೂ ಮಿಗಿಲು. ಮರುವರ್ಷ ಆಮದಿನ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇದ್ದರೂ ವೆಚ್ಚವು 13,000 ಕೋಟಿ ಡಾಲರಿನ ಆಸುಪಾಸಿಗೆ ಇಳಿಯಿತು. ಮಾರುಕಟ್ಟೆಯ ದರ ಇಳಿದದ್ದೇ ಇದಕ್ಕೆ ಮುಖ್ಯ ಕಾರಣವೇ ಹೊರತು ದೇಶವು ತೈಲವನ್ನು ಉಳಿಸಿದ್ದಲ್ಲ. ದರವನ್ನು ನಿರ್ಧರಿಸುವವರು ಬೇರೆಯವರು. ದೇಶದ ಸ್ವಾಧೀನದಲ್ಲಿರುವುದು ಬಳಕೆಯ ಪ್ರಮಾಣವೊಂದೇ.

ಆಮದಿನ ಅವಲಂಬನೆಯನ್ನು ತಗ್ಗಿಸಬೇಕೆಂಬ ಸಂಕಲ್ಪ ಹೊಸದಲ್ಲ. ಆಗ ಶೇ. 77ರಷ್ಟಿದ್ದ ಅವಲಂಬನೆಯನ್ನು 2022ರ ವೇಳೆಗೆ ಶೇ. 10ರಷ್ಟು ಇಳಿಸಬೇಕೆಂಬ ಗುರಿಯನ್ನು 2015ರ ಮಾರ್ಚ್‌ನಲ್ಲಿ ಪ್ರಧಾನಮಂತ್ರಿಗಳು ದೇಶದ ಮುಂದಿಟ್ಟರು. ಆದರೆ 2023-24ರಲ್ಲಿ ಅದು ಶೇ. 87ನ್ನು ಮೀರಿತ್ತು. 2014-15ರಲ್ಲಿ 3.7 ಕೋಟಿ ಟನ್ನಿನಷ್ಟಿದ್ದ ದೇಶೀಯ ಉತ್ಪಾದನೆ 2023-24ರಲ್ಲಿ 3 ಕೋಟಿ ಟನ್ನಿಗಿಂತ ಕೆಳಗಿಳಿದಿತ್ತು. ಬೇಡಿಕೆಯಾದರೋ ಏರುತ್ತಲೇ ಹೋಯಿತು. ಹೊಸ ಬಾವಿಗಳ ಶೋಧನೆಗೆ ವರ್ಷಗಳೂ ಅಪಾರ ಬಂಡವಾಳವೂ ಬೇಕು. ಇರುವ ತೈಲವನ್ನು ಮಿತವಾಗಿ ಬಳಸುವ ಕೆಲಸವನ್ನು ಮಾತ್ರ ಇಂದೇ ಆರಂಭಿಸಬಹುದು.

ಜಪಾನಿನ ನಿದರ್ಶನ

ಈ ಮಾರ್ಗದಲ್ಲಿ ನಡೆದು ತೋರಿಸಿದ ದೇಶ ಜಪಾನ್. 1973ರ ಅರಬ್-ಇಸ್ರೇಲ್ ಯುದ್ಧದ ನಂತರ ಕೆಲವೇ ತಿಂಗಳುಗಳಲ್ಲಿ ಕಚ್ಚಾ ತೈಲದ ದರ ಬ್ಯಾರೆಲ್ಲಿಗೆ ಸುಮಾರು 3 ಡಾಲರಿನಿಂದ 12 ಡಾಲರಿನ ಸಮೀಪಕ್ಕೆ ಏರಿತು. ಬಹುಪಾಲು ಎಲ್ಲ ತೈಲವನ್ನೂ ಹೊರಗಿನಿಂದ ತರಿಸುತ್ತಿದ್ದ ಜಪಾನ್ 1979ರಲ್ಲಿ ಇಂಧನ ಮಿತಬಳಕೆಯ ಕಾಯ್ದೆಯನ್ನು ತಂದಿತು. ನಿಗದಿತ ಮಿತಿಗಿಂತ ಹೆಚ್ಚು ಇಂಧನ ಬಳಸುವ ಕಾರ್ಖಾನೆಗಳು ಅದಕ್ಕೆಂದೇ ಒಬ್ಬ ವ್ಯವಸ್ಥಾಪಕನನ್ನು ನೇಮಿಸುವುದು ಕಡ್ಡಾಯವಾಯಿತು. 1985ರಲ್ಲಿ ಆ ದೇಶದ ಆರ್ಥಿಕತೆ 1973ರಲ್ಲಿದ್ದುದಕ್ಕಿಂತ ಬಹಳ ದೊಡ್ಡದಾಗಿತ್ತು, ತೈಲ ಬಳಕೆ ಮಾತ್ರ ಅಂದಿಗಿಂತ ಕಡಿಮೆಯಾಗಿತ್ತು. ಇದರಲ್ಲಿ ಅಣುವಿದ್ಯುತ್ತು, ಅನಿಲ ಮತ್ತು ಕಲ್ಲಿದ್ದಲಿನ ಪಾಲೂ ಇತ್ತಾದರೂ ಕಾರ್ಖಾನೆಗಳ ಮಿತವ್ಯಯದ ಪಾಲು ಅಲ್ಪವಲ್ಲ.

ಭಾರತದಲ್ಲಿಯೂ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು 1978ರಲ್ಲಿ ಸ್ಥಾಪನೆಯಾಯಿತು. 2001ರ ಇಂಧನ ಸಂರಕ್ಷಣಾ ಕಾಯ್ದೆಯನ್ವಯ 2002ರ ಮಾರ್ಚ್‌ನಲ್ಲಿ ಇಂಧನ ದಕ್ಷತಾ ಬ್ಯೂರೋ ಆರಂಭವಾಯಿತು. ಬ್ಯೂರೋ 2012ರಿಂದ 2015ರವರೆಗೆ 478 ಬೃಹತ್ ಘಟಕಗಳಿಗೆ ಉಳಿತಾಯದ ಗುರಿಯನ್ನು ನಿಗದಿಪಡಿಸಿತ್ತು. ಅವು 86 ಲಕ್ಷ ಟನ್ ತೈಲಕ್ಕೂ ಮಿಗಿಲಾದ ಇಂಧನವನ್ನು ಉಳಿಸಿ ಗುರಿಯನ್ನು ಮೀರಿದವು. ಈ ಉಳಿತಾಯದಲ್ಲಿ ಕಲ್ಲಿದ್ದಲು ಮತ್ತು ವಿದ್ಯುತ್ತನ್ನೂ ತೈಲದ ಮಾನದಲ್ಲಿ ಲೆಕ್ಕ ಹಿಡಿಯಲಾಗಿದೆ ಎಂಬುದನ್ನು ಮರೆಯಬಾರದು.

ಸಣ್ಣ ಘಟಕಗಳ ಪಾಲು

ಸಣ್ಣ ಉದ್ದಿಮೆಗಳಿಗೆ ಇಂತಹ ಗುರಿಯೂ ಇಲ್ಲ, ತಪಾಸಣೆಯೂ ಇಲ್ಲ. ಆದರೆ ತೈಲ ಬೆಲೆಯ ಏರಿಕೆಯ ಪೆಟ್ಟು ಮೊದಲು ತಗಲುವುದು ಅವುಗಳಿಗೇ. ಮುಂಗಡವಾಗಿ ದರ ಒಪ್ಪಿಕೊಂಡು ಮಾಲು ಪೂರೈಸುವ ಘಟಕವು ಏರಿದ ವೆಚ್ಚವನ್ನು ಗ್ರಾಹಕನಿಗೆ ವರ್ಗಾಯಿಸಲಾರದು. ಅದು ಲಾಭದಿಂದಲೇ ಕಳೆದುಹೋಗುತ್ತದೆ.

ಬಾಯ್ಲರನ್ನೇ ನೋಡಬಹುದು. ಅದಕ್ಕೆ ಹಾಯಿಸುವ ನೀರಿನ ಉಷ್ಣತೆ 6 ಡಿಗ್ರಿ ಏರಿದರೆ ಇಂಧನ ಸುಮಾರು ಶೇ. 1ರಷ್ಟು ಉಳಿಯುತ್ತದೆ. ಹಬೆ ತಣಿದು ಬಂದ ಬಿಸಿನೀರನ್ನು ಚರಂಡಿಗೆ ಬಿಡದೆ ಹಿಂದಕ್ಕೆ ತಂದು, ನೀರಿನ ಉಷ್ಣತೆಯನ್ನು 30ರಿಂದ 60 ಡಿಗ್ರಿಗೆ ಏರಿಸಿದರೆ ಉಳಿತಾಯ ಶೇ. 5. ದಿನಕ್ಕೆ 200 ಲೀಟರ್ ಫರ್ನೇಸ್ ಆಯಿಲ್ ಉರಿಸಿ, ವರ್ಷಕ್ಕೆ 300 ದಿನ ನಡೆಯುವ ಘಟಕಕ್ಕೆ ಇದು 3,000 ಲೀಟರ್. ಲೀಟರಿಗೆ 50 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ ಒಂದೂವರೆ ಲಕ್ಷ. ಕೊಳವೆ, ತೊಟ್ಟಿ, ಪಂಪುಗಳಿಗೆ 3 ಲಕ್ಷ ತಗಲಿದರೆ ಎರಡು ವರ್ಷಗಳಲ್ಲಿ ಅಸಲು ಮರಳುತ್ತದೆ.

ಇನ್ನು ಡೀಸೆಲ್ ಜನರೇಟರ್. ತಕ್ಕ ಹೊರೆಯಿದ್ದಾಗ ಅದು ಲೀಟರಿಗೆ ಸುಮಾರು ಮೂರೂವರೆ ಯೂನಿಟ್ ವಿದ್ಯುತ್ ಕೊಡುತ್ತದೆ. ಡೀಸೆಲ್ 90 ರೂಪಾಯಿ ಎಂದಿಟ್ಟುಕೊಂಡರೆ ಇಂಧನದ ಖರ್ಚೊಂದೇ ಯೂನಿಟ್ಟಿಗೆ 25 ರೂಪಾಯಿ ದಾಟುತ್ತದೆ. ಅಗತ್ಯಕ್ಕಿಂತ ದೊಡ್ಡ ಯಂತ್ರವನ್ನು ಅಲ್ಪ ಹೊರೆಯಲ್ಲಿ ಓಡಿಸಿದರೆ ಖರ್ಚು ಇನ್ನೂ ಹೆಚ್ಚು. ಡೀಸೆಲ್ ಸರಕು ಮತ್ತು ಸೇವಾ ತೆರಿಗೆಯ ಹೊರಗಿರುವುದರಿಂದ ಅದರ ಮೇಲಿನ ತೆರಿಗೆ ಹೂಡುವಳಿ ಜಮೆಯಾಗಿ ಮರಳದು. ಉಳಿಸಿದ ಪ್ರತಿ ಲೀಟರಿನೊಂದಿಗೆ ಆ ತೆರಿಗೆಯೂ ಉಳಿಯುತ್ತದೆ.

ದೇಶದ ಪೆಟ್ರೋಲಿಯಂ ಬಳಕೆಯಲ್ಲಿ ಐದರಲ್ಲಿ ಸುಮಾರು ಎರಡು ಪಾಲು ಡೀಸೆಲ್ಲಿನದು. ಅದರ ಬಹುಭಾಗ ರಸ್ತೆಯ ಮೇಲೆ ಉರಿಯುತ್ತದೆ. ಇಲ್ಲಿ ವರ್ತಕರ ಪಾತ್ರ ದೊಡ್ಡದು. ಒಂದೇ ಊರಿಗೆ ಹೋಗುವ ಮಾಲನ್ನು ಒಟ್ಟುಗೂಡಿಸುವುದು, ಲಾರಿ ಖಾಲಿ ಮರಳದಂತೆ ಹಿಂದಿರುಗುವ ಬಾಡಿಗೆಯನ್ನು ಹೊಂದಿಸುವುದು, ಟೈರಿನ ಗಾಳಿಯನ್ನು ವಾರಕ್ಕೊಮ್ಮೆ ಪರೀಕ್ಷಿಸುವುದು ಇವಕ್ಕೆ ಬಂಡವಾಳ ಬೇಕಿಲ್ಲ, ಶಿಸ್ತು ಬೇಕು.

ಲೆಕ್ಕದ ಪುಸ್ತಕದಲ್ಲಿ ಒಂದು ಅಂಕಣ

ಇಷ್ಟಾದರೂ ಉಳಿತಾಯ ಆಗದಿರಲು ಲೆಕ್ಕವಿಡುವ ಕ್ರಮವೇ ಒಂದು ಕಾರಣ. ಲಾಭ-ನಷ್ಟದ ಖಾತೆಯಲ್ಲಿ ಇಂಧನದ ಖರ್ಚು ರೂಪಾಯಿಗಳಲ್ಲಿ ಕಾಣುತ್ತದೆ, ಲೀಟರುಗಳಲ್ಲಿ ಕಾಣುವುದಿಲ್ಲ. ದರ ಇಳಿದ ವರ್ಷ ಖರ್ಚು ಕಡಿಮೆಯಾಗಿ ಪೋಲು ಮರೆಯಾಗುತ್ತದೆ. ದರ ಏರಿದ ವರ್ಷ ಮಾರುಕಟ್ಟೆಯ ಮೇಲೆ ದೂರು ಹೊರಿಸಲಾಗುತ್ತದೆ. ರಾಷ್ಟ್ರದ ಲೆಕ್ಕದಲ್ಲಿ ಕಂಡ ದೋಷ ಇದೇ.

ಕಂಪನಿಗಳ ನಿರ್ದೇಶಕರ ವರದಿಯಲ್ಲಿ ಇಂಧನ ಸಂರಕ್ಷಣೆಯ ವಿವರ ನೀಡುವ ಕ್ರಮ ಹಿಂದಿನ 1956ರ ಕಂಪನಿ ಕಾಯ್ದೆಯ 217ನೇ ಕಲಮಿನಲ್ಲಿತ್ತು. ಈಗ 2013ರ ಕಾಯ್ದೆಯ 134ನೇ ಕಲಮಿನಲ್ಲಿದೆ. ಪಾಲುದಾರಿಕೆ ಸಂಸ್ಥೆಗಳಿಗೂ ಒಬ್ಬರ ಒಡೆತನದ ಉದ್ದಿಮೆಗಳಿಗೂ ಈ ಕಟ್ಟಳೆ ಅನ್ವಯಿಸದು. ಆದರೂ ಅದರ ಸಾರವನ್ನು ಸ್ವಇಚ್ಛೆಯಿಂದ ಪಾಲಿಸಲು ಅಡ್ಡಿಯಿಲ್ಲ. ಪ್ರತಿ ತಿಂಗಳು ಎಷ್ಟು ಲೀಟರ್ ಖರ್ಚಾಯಿತು, ಎಷ್ಟು ಮಾಲು ತಯಾರಾಯಿತು, ಟನ್ನಿಗೆ ಎಷ್ಟು ಲೀಟರ್ ಬಿತ್ತು ಎಂಬ ಮೂರು ಅಂಕಿಗಳನ್ನು ಬರೆದಿಟ್ಟರೆ ಸಾಕು. ಮೂರನೆಯ ಅಂಕಿ ಒಂದು ತಿಂಗಳು ಏರಿದರೆ ಕಾರಣವನ್ನು ಬಾಯ್ಲರಿನ ಬಳಿಯೋ ಜನರೇಟರಿನ ಬಳಿಯೋ ಹುಡುಕಬಹುದು.

ತೈಲದ ದರ ಮುಂದೆ ಎತ್ತ ಹೋದೀತೆಂದು ಯಾರೂ ಹೇಳಲಾರರು. ಟನ್ ಮಾಲಿಗೆ ಬೀಳುವ ಲೀಟರಿನ ಅಂಕಿಯನ್ನು ಇಳಿಸಿಕೊಂಡ ಘಟಕ ದರ ಇಳಿದಾಗ ಹೆಚ್ಚು ಗಳಿಸುತ್ತದೆ, ಏರಿದಾಗ ತಾಳಿಕೊಳ್ಳುತ್ತದೆ. ಇಂತಹ ಘಟಕಗಳು ಹೆಚ್ಚಿದಂತೆ ದೇಶದ ಆಮದಿನ ಹೊರೆಯೂ ಅಷ್ಟರಮಟ್ಟಿಗೆ ಹಗುರವಾಗುತ್ತದೆ.