ಜಾತಕ ಕೂಡಿತು, ತೋಟದ ಎಕರೆ ಕೇಳಿದ್ದಾಯ್ತು, ಆಮೇಲೆ?

2013ರ ಕೊನೆಗೆ ತಮಿಳಲ್ಲಿ 'ಕಲ್ಯಾಣ ಸಮಯಲ್ ಸಾದಂ' ಅಂತ ಒಂದು ಸಿನಿಮಾ ಬಂದಿತ್ತು. ಆರ್.ಎಸ್. ಪ್ರಸನ್ನ ನಿರ್ದೇಶನ, ಪ್ರಸನ್ನ, ಲೇಖಾ ವಾಷಿಂಗ್ಟನ್ ಜೋಡಿ. ಹಿರಿಯರು ನೋಡಿ ಗೊತ್ತುಮಾಡಿದ ಸಂಬಂಧ. ಮದುವೆ ಹತ್ತಿರ ಬರುತ್ತೆ. ಆದರೆ ಕೆಲಸದ ಒತ್ತಡದಿಂದ ಹುಡುಗನಿಗೆ ದಾಂಪತ್ಯಕ್ಕೇ ಸಂಬಂಧಪಟ್ಟ ಒಂದು ತೊಂದರೆ. ಹೇಳೋದು ಹೇಗೆ, ಯಾರಿಗೆ ಹೇಳೋದು ಅನ್ನೋದೇ ಕತೆ. 2017ರಲ್ಲಿ ಅದೇ ನಿರ್ದೇಶಕರು ಇದನ್ನೇ ಹಿಂದಿಯಲ್ಲಿ 'ಶುಭ್ ಮಂಗಲ್ ಸಾವಧಾನ್' ಅಂತ ಮಾಡಿದರು.

ಸಿನಿಮಾ ನೋಡುವಾಗ ನಗು ಬರುತ್ತೆ. ಆದರೆ ಯೋಚನೆ ಮಾಡಿದರೆ ವಿಷಯ ನಮ್ಮದೇ. ಹುಡುಗ–ಹುಡುಗಿ ನೋಡುವಾಗ ಎರಡೂ ಮನೆಯವರು ಜಾತಕ, ಗೋತ್ರ, ಸಂಬಳ, ಮದುವೆಮನೆ, ಊಟ ಎಲ್ಲ ಮಾತಾಡ್ತಾರೆ. ಮದುವೆ ಆದಮೇಲೆ ದಿನಾ ಎದುರಾಗೋ ವಿಷಯ ಮಾತ್ರ ಯಾರೂ ಎತ್ತೋದಿಲ್ಲ. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟದ ಮನೆಗಳಲ್ಲಿ ಹಾಗೆ ಮಾತಿಗೆ ಬಾರದೆ ಉಳಿದಿದ್ದು ಏನು ಅಂತ ಹೇಳೋಕೆ ಈ ಬರಹ.

ನಾನು ಸಿದ್ದಾಪುರ ತಾಲೂಕಿನವಳು. ಇಂಜಿನಿಯರಿಂಗ್ ಓದಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. 2020ರ ಲಾಕ್‌ಡೌನ್ ನಂತರ ವರ್ಷಕ್ಕೆ ನಾಲ್ಕೈದು ತಿಂಗಳು ಊರಿಂದಲೇ ಕೆಲಸ ಮಾಡ್ತೀನಿ. ಮೂವತ್ತಾಯ್ತು, ಮನೇಲಿ ಗಂಡು ನೋಡ್ತಿದ್ದಾರೆ. ದೊಡ್ಡಪ್ಪನ ಮಗ ಅಣ್ಣನಿಗೆ ಮೂವತ್ತೆಂಟು. ಪದವಿ ಮಾಡಿದ್ದಾನೆ, ದುಶ್ಚಟ ಇಲ್ಲ, ಎರಡೂವರೆ ಎಕರೆ ಭಾಗಾಯ್ತ ಇದೆ. ಹತ್ತು ವರ್ಷದಿಂದ ಹುಡುಕಿದರೂ ಹೆಣ್ಣು ಸಿಕ್ಕಿಲ್ಲ. "ಮಾಣಿ ಚೊಲೋ ಇದ್ದ, ತೋಟನೂ ಇದ್ದು, ಕೂಸು ಕೊಡವ್ರು ಮಾತ್ರ ಇಲ್ಲೆ" ಅಂತ ದೊಡ್ಡಾಯಿ ಹೇಳಿದಾಗಲೆಲ್ಲ ಜಗಲಿಯಲ್ಲಿ ಕೂತವರು ಸುಮ್ಮನಾಗ್ತಾರೆ. ಹೀಗೆ ಕಾಯ್ತಾ ಇರೋ ಹುಡುಗ ಇಲ್ಲದ ಊರು ನಮ್ಮ ಕಡೆ ಕಡಿಮೆ.

ಇದು ಹವ್ಯಕರಿಗೆ ಮಾತ್ರ ಬಂದ ಕಷ್ಟ ಅಲ್ಲ. 2021ರಲ್ಲಿ ತಮಿಳುನಾಡಿನ ಬ್ರಾಹ್ಮಣ ಸಂಘವೊಂದು ತಮ್ಮ ಹುಡುಗರಿಗೆ ಉತ್ತರ ಪ್ರದೇಶ, ಬಿಹಾರದಲ್ಲಿ ಹೆಣ್ಣು ಹುಡುಕೋಕೆ ಹೊರಟಿದ್ದು ಸುದ್ದಿಯಾಗಿತ್ತು. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ಯುವ ರೈತರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ನಮ್ಮ ಕಡೆಯೂ ಉತ್ತರ ಭಾರತದಿಂದ ಸೊಸೆ ತಂದ ಮನೆಗಳಿವೆ. ಕನ್ನಡದಲ್ಲಿ 2017ರ 'ಒಂದು ಮೊಟ್ಟೆಯ ಕಥೆ' ನೋಡಿರಬಹುದು, ರಾಜ್ ಬಿ. ಶೆಟ್ಟಿಯವರ ಮೊದಲ ಚಿತ್ರ. ಅಲ್ಲಿ ಮಂಗಳೂರಿನ ಮೇಷ್ಟ್ರಿಗೆ ತಲೆಯಲ್ಲಿ ಕೂದಲಿಲ್ಲ ಅಂತ ಹೆಣ್ಣು ಸಿಗೋದಿಲ್ಲ. ಇಲ್ಲಿ ಕೂದಲು ಸೊಂಪಾಗಿದೆ, ವಿಳಾಸ ಹಳ್ಳಿಯದು, ಅಷ್ಟೇ ವ್ಯತ್ಯಾಸ.

ಯಾಕೆ ಹೀಗೆ ಅಂದರೆ ಸಿದ್ಧ ಉತ್ತರ ಒಂದಿದೆ: "ಈಗಿನ ಹುಡುಗಿಯರಿಗೆ ಬೆಂಗಳೂರು ಬೇಕು, ಪ್ಯಾಕೇಜು ಬೇಕು." ಅರ್ಧ ನಿಜ ಇರಬಹುದು. ಓದಿದವರಿಗೆ ಕೆಲಸ ಇರೋ ಊರು ಬೇಕೇ ಬೇಕು. ಆದರೆ ತೋಟದ ಮನೆಯಲ್ಲೇ ಹುಟ್ಟಿ, ತೋಟ ಇಷ್ಟಪಡೋ ನನ್ನಂಥವರೂ ಹಿಂದೆಮುಂದೆ ನೋಡ್ತೀವಲ್ಲ, ಅದಕ್ಕೆ ಪ್ಯಾಕೇಜು ಕಾರಣ ಅಲ್ಲ. ನಾವು ನಮ್ಮ ಆಯಿಯನ್ನು ನೋಡಿದ್ದೀವಿ.

ಅಡಿಕೆ ಸುಗ್ಗಿ ನೆನಪು ಮಾಡಿಕೊಳ್ಳಿ. ಕೊನೆ ಇಳಿಸೋದು, ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಕೆಂಪಡಿಕೆ ಮಾಡೋದು, ಹಣ್ಣಡಿಕೆ ಒಣಗಿಸಿ ಚಾಲಿ ಸುಲಿಯೋದು. ಕೊನೆ ಕೊಯ್ಯೋರು, ಸುಲಿಯೋರು ಬಂದರೆ ಅವರಿಗೆ ತಿಂಡಿ, ಊಟ, ಎರಡು ಸಲ ಚಾ. ನಡುವೆ ದನದ ಕೆಲಸ, ದೇವರಪೂಜೆ ತಯಾರಿ, ನೆಂಟರಿಗೆ ಆಸರಿ. ಸಂಜೆ ಗಂಡಸರು ಜಗಲಿಯಲ್ಲಿ ಅಡಿಕೆ ರೇಟು ಮಾತಾಡುವಾಗ ಆಯಿ ಸುಲಿದ ಸಿಪ್ಪೆ ಗುಡಿಸ್ತಿರ್ತಾಳೆ. ಕೊನೆಗೆ ಅಡಿಕೆ ಶಿರಸಿ ಪೇಟೆಗೆ ಹೋಗುತ್ತೆ. ಅಲ್ಲಿ ತೋಟಗಾರರ ಸೊಸೈಟಿ 1923ರಿಂದ ಇದೆ. ಬೆಳೆಗಾರನಿಗೆ ಅಲ್ಲೊಂದು ಖಾತೆ, ಲೆಕ್ಕ, ಗೌರವ ಎಲ್ಲ ಇದೆ. ಆದರೆ ಆ ಖಾತೆ ನಮ್ಮ ಬಹಳ ಮನೆಗಳಲ್ಲಿ ಅಪ್ಪಯ್ಯನ ಹೆಸರಲ್ಲಿ. ಆಯಿಗೆ ಒಂದು ಸೀರೆ ಬೇಕಿದ್ದರೂ ಕೇಳಿಯೇ ತಗೋಬೇಕು.

ಇನ್ನೊಂದು ವಿಷಯ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡೋ ಕಾನೂನು ಕರ್ನಾಟಕದಲ್ಲಿ 1994ರಲ್ಲೇ ಬಂತು, ಇಡೀ ದೇಶಕ್ಕೆ 2005ರಲ್ಲಿ. ಅಂದರೆ ತವರಲ್ಲಿ ನನಗೆ ಹಕ್ಕಿದೆ. ಜೀವನವಿಡೀ ದುಡಿಯಬೇಕಾದ ಗಂಡನ ಮನೆ ತೋಟದ ಪಹಣಿಯಲ್ಲಿ ಮಾತ್ರ ನನ್ನ ಹೆಸರು ತಾನಾಗೇ ಬರೋದಿಲ್ಲ. ಸಂಬಳದ ಕೆಲಸ ಬಿಟ್ಟು ಬರುವ ಹುಡುಗಿಗೆ ಇದು ಸಣ್ಣ ಲೆಕ್ಕ ಅಲ್ಲ.

ಕಳೆದ ಚಳಿಗಾಲದಲ್ಲಿ ಯಲ್ಲಾಪುರ ಕಡೆಯ ಒಂದು ಸಂಬಂಧ ಬಂತು. ಹುಡುಗ ತೋಟ ನೋಡಿಕೊಂಡಿದ್ದಾನೆ, ಕಾಳುಮೆಣಸು, ಜೇನು ಎಲ್ಲ ಮಾಡಿದ್ದಾನೆ. ನಾವೇ ಅವರ ಮನೆ ನೋಡೋಕೆ ಹೋದೆವು. ತೊಡದೇವು ತಿಂದಾಯ್ತು, ಜಾತಕದ ಮಾತು ಮುಗೀತು. "ಕೂಸಿಗೆ ಎಂತಾದ್ರೂ ಕೇಳದು ಇದ್ದಾ?" ಅಂದರು ಅವನ ಅಪ್ಪಯ್ಯ. ವಾಡಿಕೆಯ ಮಾತು ಅದು, ತಲೆ ಅಲ್ಲಾಡಿಸಿದರೆ ಸಾಕು. ನಾನು ನಾಲ್ಕು ಪ್ರಶ್ನೆ ಕೇಳಿದೆ. ಇಲ್ಲಿ ಕೂತು ನನ್ನ ಕೆಲಸ ಮುಂದುವರಿಸೋವಷ್ಟು ನೆಟ್‌ವರ್ಕ್ ಇದೆಯಾ? ಸುಗ್ಗಿಯಲ್ಲಿ ಅಡುಗೆಗೆ ಇನ್ನೊಬ್ಬರು ಸಹಾಯಕ್ಕೆ ಇರ್ತಾರಾ? ಮುಟ್ಟಾದಾಗ ನಾನು ಹೊರಗೆ ಕೂರೋದಿಲ್ಲ, ನಡೀತದಾ? ತೋಟದಲ್ಲಿ ನಾನೂ ಕೆಲಸ ಮಾಡಿದರೆ ಅದರ ಪಾಲು ನನ್ನ ಖಾತೆಗೆ ಬರ್ತದಾ?

ಆಯಿ ನನ್ನ ಕೈ ಚಿವುಟಿದಳು. ಹುಡುಗನ ಅಪ್ಪಯ್ಯ ಕವಳದ ತಟ್ಟೆ ಹತ್ತಿರ ಎಳೆದುಕೊಂಡರು. ಮಾತಾಡಿದ್ದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವನ ಆಯಿ. "ಯನ್ನ ಹತ್ರ ಇಷ್ಟು ವರ್ಷದಲ್ಲಿ ಇದನ್ನ ಯಾರೂ ಕೇಳಿದ್ವಿಲ್ಲೆ ತಂಗಿ" ಅಂದರು. ಆಮೇಲೆ ಮಗನ ಕಡೆ ತಿರುಗಿ, "ನೀನೇ ಹೇಳು" ಅಂದರು. ಅವನು ಮೊದಲ ಎರಡಕ್ಕೆ ಅಲ್ಲೇ ಉತ್ತರ ಕೊಟ್ಟ. ಉಳಿದೆರಡಕ್ಕೆ, "ಮನೇಲಿ ಮಾತಾಡಿ ಫೋನ್ ಮಾಡ್ತೆ" ಅಂದ. ಹದಿನೈದು ದಿನಕ್ಕೆ ಫೋನ್ ಬಂತು. ಮುಟ್ಟಿನ ವಿಷಯಕ್ಕೆ ಅವರ ಆಯಿಯೇ ಹೂಂ ಅಂದಿದ್ದಾರೆ, ಖಾತೆ ವಿಷಯ ಇನ್ನೂ ಅಪ್ಪಯ್ಯನ ಹತ್ತಿರ ಇದೆ. ಮಾತು ನಡೀತಿದೆ. ಆಗುತ್ತೋ ಇಲ್ಲವೋ ಗೊತ್ತಿಲ್ಲ. ಆಗದಿದ್ದರೂ ಅವನ ಮೇಲೆ ನನಗೆ ಗೌರವ ಇದೆ, ಸುಳ್ಳು ಹೇಳಿ ಒಪ್ಪಿಸೋಕೆ ನೋಡಲಿಲ್ಲ.

ನಮ್ಮ ಹವಿಗನ್ನಡದಲ್ಲಿ ಹೆಂಗಸರಿಗೆ 'ಬತ್ತು', 'ಹೋತು' ಅಂತ ನಪುಂಸಕ ಲಿಂಗ. ಅದು ಭಾಷೆಯ ರೂಢಿ, ಅದರಲ್ಲಿ ಪ್ರೀತಿಯೂ ಇದೆ, ನನಗೇನೂ ಬೇಜಾರಿಲ್ಲ. ಆದರೆ ಮದುವೆ ಮಾತಿನ ಹೊತ್ತಿಗೂ 'ಕೂಸು ಒಪ್ಪಿತ್ತಾ, ಇಲ್ಯಾ' ಅಷ್ಟಕ್ಕೇ ನಿಲ್ಲಿಸಿದರೆ ಕಷ್ಟ.

ಗಂಡು ಮಕ್ಕಳಿರುವ ಹಿರಿಯರಲ್ಲಿ ಒಂದು ಮಾತು. ಸಂಬಂಧ ಹುಡುಕೋದರ ಜೊತೆಗೆ ಮನೆಯನ್ನೂ ಸ್ವಲ್ಪ ಸಿದ್ಧ ಮಾಡಿ. ಹುಡುಗಿ ಕೇಳುವ ಮೊದಲೇ ನೀವೇ ಹೇಳಿ: ಅಡುಗೆಮನೆ ಹೀಗಿದೆ, ಕೆಲಸ ಹೀಗೆ ಹಂಚಿಕೊಳ್ತೀವಿ, ದುಡ್ಡು ಹೀಗೆ, ಸಾಲ ಇಷ್ಟಿದೆ. ಹುಡುಗರಿಗೂ ಅಷ್ಟೇ. ನಮ್ಮ ಅಣ್ಣ ಈ ವರ್ಷ ಸುಗ್ಗಿಯಲ್ಲಿ ಬೆಳಗಿನ ತಿಂಡಿ ತಾನೇ ಮಾಡ್ತಿದ್ದಾನೆ. ಸುಲಿಯೋಕೆ ಮೆಷಿನ್ ತಂದಿದ್ದಾನೆ. ಸೊಸೈಟಿಯಿಂದ ಬಂದ ದುಡ್ಡಲ್ಲಿ ಒಂದು ಭಾಗ ದೊಡ್ಡಾಯಿ ಹೆಸರಿನ ಖಾತೆಗೆ ಹಾಕಿದ. ಇದರಿಂದ ನಾಳೆಯೇ ಹೆಣ್ಣು ಸಿಗುತ್ತೆ ಅಂತ ನಾನು ಹೇಳೋದಿಲ್ಲ. ಅರವತ್ತೈದನೇ ವಯಸ್ಸಿಗೆ ದೊಡ್ಡಾಯಿ ಮೊದಲ ಸಲ ಪಾಸ್‌ಬುಕ್ ಹಿಡಿದು ಸಿದ್ದಾಪುರ ಪೇಟೆಗೆ ಹೋಗಿ ಬಂದಳು. ಬರುವಾಗ ಯಾರನ್ನೂ ಕೇಳದೆ ತನಗೊಂದು ಸೀರೆ ತಂದಳು.