ಮಣ್ಣಿಗೆ ಹೋಗುವ ಮಾತು: ಪ್ರಾಚೀನ ಯಹೂದಿಗಳ ದಫನ ಪದ್ಧತಿ

ಪ್ರಥಮ ಪಿಯುಸಿ ಇತಿಹಾಸದ ತರಗತಿಯಲ್ಲಿ ಈಜಿಪ್ಟಿನ ಪಿರಮಿಡ್ ಪಾಠ ನಡೆದಿತ್ತು. ಮೂಡಲಗಿಯಿಂದ ಬಸ್ಸಿಗೆ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ಅಲ್ಲಿಯ ರಾಜರಿಗೆ ಪಿರಮಿಡ್ ಇತ್ತು. ಮೂಸಾ ಅಲೈಹಿಸ್ಸಲಾಂ ಅವರ ಕೌಮಿನವರು ತಮ್ಮ ಮಯ್ಯತ್‌ಗೆ ಏನು ಮಾಡುತ್ತಿದ್ದರು?" ಎಂದು ಕೇಳಿದಳು. ಸಿಲಬಸ್ಸಿನಲ್ಲಿ ಇದಕ್ಕೆ ಜಾಗವಿಲ್ಲ. ಗಂಟೆ ಹೊಡೆಯುವುದರೊಳಗೆ ಎರಡು ಮಾತು ಹೇಳಿದೆ. ಉಳಿದದ್ದು ಇಲ್ಲಿದೆ.

ಬನೀ ಇಸ್ರಾಯೀಲರು, ಅಂದರೆ ಯಹೂದಿಗಳ ಪೂರ್ವಜರು, ಸತ್ತವರನ್ನು ಹೂಳುತ್ತಿದ್ದರು. ಶವವನ್ನು ಕೆಡದಂತೆ ಕಾಪಿಡುವ ಈಜಿಪ್ಟಿನ ವಿದ್ಯೆ ಅವರದಲ್ಲ. ಈಜಿಪ್ಟಿನಲ್ಲೇ ತೀರಿಕೊಂಡ ಯಾಕೂಬ್ ಮತ್ತು ಯೂಸುಫರ ವಿಷಯದಲ್ಲಿ ಮಾತ್ರ ಹಾಗೆ ಮಾಡಿದರೆಂದು ಯಹೂದಿಗಳ ಗ್ರಂಥ ಹೇಳುತ್ತದೆ. ಅದೇ ಗ್ರಂಥದಲ್ಲಿ ಬರುವ ಮೊದಲ ದೊಡ್ಡ ಸಮಾಧಿಯ ಕಥೆ ಇಬ್ರಾಹೀಮರದು. ಹೆಂಡತಿ ಸಾರಾ ತೀರಿಕೊಂಡಾಗ ಅವರು ಪರನಾಡಿನಲ್ಲಿದ್ದರು, ಸ್ವಂತದ್ದೆಂದು ಒಂದು ಗೇಣು ಭೂಮಿಯೂ ಇರಲಿಲ್ಲ. ಹೊಲದ ಒಡೆಯ ಗವಿಯನ್ನು ಪುಕ್ಕಟೆ ಕೊಡುತ್ತೇನೆಂದರೂ ಒಪ್ಪದೆ, ಊರ ಹಿರಿಯರೆದುರು 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಕೊಂಡರು. ಆ ಗವಿ ಇರುವ ಊರೇ ಹೆಬ್ರಾನ್, ನಾವು ಅಲ್ ಖಲೀಲ್ ಎನ್ನುವ ಊರು. ಗವಿಯ ಮೇಲೆ ಇಂದು ಇಬ್ರಾಹೀಮಿ ಮಸೀದಿ ನಿಂತಿದೆ. ಆ ನಾಡಿನ ಇವತ್ತಿನ ಸುದ್ದಿ ಓದಿದರೆ ಕರುಳು ಕಿತ್ತು ಬರುತ್ತದೆ, ಆದರೆ ಈ ಬರಹದ ವಿಷಯ ಅದಲ್ಲ.

ಜೆರುಸಲೇಮಿನ ಸುತ್ತಲಿನ ಗುಡ್ಡಗಳು ಸುಣ್ಣಕಲ್ಲಿನವು. ಉಳ್ಳವರು ಆ ಕಲ್ಲನ್ನು ಕೊರೆದು ಕೋಣೆ ಮಾಡಿ, ಒಳಗೆ ಗೋಡೆಗುಂಟ ಕಲ್ಲಿನ ಕಟ್ಟೆ ಬಿಟ್ಟು, ಅದರ ಮೇಲೆ ಶವ ಮಲಗಿಸುತ್ತಿದ್ದರು. ಬಡವರಿಗೆ ಬರೀ ಮಣ್ಣಿನ ಕುಣಿ. ಕಲ್ಲಿನ ಕೋಣೆಯಲ್ಲಿ ಮುಂದಿನವರಿಗೆ ಜಾಗ ಬೇಕಾದಾಗ ಹಿಂದಿನವರ ಎಲುಬನ್ನು ಆರಿಸಿ ಕೆಳಗಿನ ಗುಂಡಿಗೆ ಸೇರಿಸುತ್ತಿದ್ದರು. ಅಜ್ಜ, ಮುತ್ತಜ್ಜ, ಎಲ್ಲರೂ ಅಲ್ಲೇ. ಸತ್ತವರನ್ನು 'ತನ್ನ ಹಿರಿಯರೊಡನೆ ಕೂಡಿಕೊಂಡ' ಎನ್ನುವ ಅವರ ಮಾತು ಅಕ್ಷರಶಃ ನಿಜವಾಗಿತ್ತು. 1979ರಲ್ಲಿ ಗೇಬ್ರಿಯಲ್ ಬರ್ಕಾಯ್ ಎಂಬ ಪುರಾತತ್ವಜ್ಞರು ಕೇತೆಫ್ ಹಿನ್ನೋಮ್ ಎಂಬಲ್ಲಿ ಇಂಥ ಸಮಾಧಿಗಳನ್ನು ಅಗೆಯುತ್ತಿದ್ದರು. ಕಳ್ಳರು ಎಂದೋ ದೋಚಿಕೊಂಡು ಹೋದ ಗವಿಗಳು. ಸಹಾಯಕ್ಕೆ ಬಂದ ಮಕ್ಕಳಲ್ಲಿ ಹದಿಮೂರರ ಆಸುಪಾಸಿನ ಒಬ್ಬ ಕಿಡಿಗೇಡಿ ಹುಡುಗನಿಗೆ, ಸುಮ್ಮನೆ ಕೂರಲೆಂದು ಮೂಲೆಯ ಗುಂಡಿ ಗುಡಿಸುವ ಕೆಲಸ ಕೊಟ್ಟರು. ಬೇಸರ ಬಂದು ಅವನು ನೆಲಕ್ಕೆ ಸುತ್ತಿಗೆಯಿಂದ ಬಡಿದ. ನೆಲ ಒಡೆಯಿತು. ಅದು ನೆಲವೇ ಅಲ್ಲ, ಕುಸಿದು ಬಿದ್ದ ಚಾವಣಿ! ಕೆಳಗೆ ಯಾರೂ ಮುಟ್ಟದ ಎಲುಬು, ಮಡಕೆ, ಒಡವೆ ಸಿಕ್ಕವು. ಜೊತೆಗೆ ಸುರುಳಿ ಸುತ್ತಿದ ಎರಡು ಪುಟ್ಟ ಬೆಳ್ಳಿ ತಗಡು, ನಾವು ತಾಯತ ಎನ್ನುತ್ತೇವಲ್ಲ, ಅಂಥವು. ಬಿಡಿಸಿ ನೋಡಿದರೆ ಸುಮಾರು 2,600 ವರ್ಷ ಹಳೆಯ ಹೀಬ್ರೂ ಆಶೀರ್ವಾದದ ಬರಹ. ತರಗತಿಯಲ್ಲಿ ಬೆಂಚು ಬಡಿಯುವವರು ಇದರಿಂದ ಹುರುಪುಗೊಳ್ಳಬಾರದು.

ಎಲುಬು ಆರಿಸುವುದು ವಿಚಿತ್ರವೆನಿಸಿದರೆ ಗೋಕಾಕ ಫಾಲ್ಸ್ ಸಮೀಪದ ಕೊಣ್ಣೂರನ್ನು ನೆನೆಯಿರಿ. ಅಲ್ಲಿಯ ಕಲ್ಲಿನ ಸಮಾಧಿಗಳ ಬಗ್ಗೆ ಜೇಮ್ಸ್ ಬರ್ಜೆಸ್ 1874ರಲ್ಲೇ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಐಹೊಳೆಯವುಗಳ ಜೊತೆ ಸೇರಿಸಿ ಬರೆದಿದ್ದಾರೆ. ಇವನ್ನು ಬೃಹತ್ ಶಿಲಾ ಸಮಾಧಿ ಎನ್ನುತ್ತಾರೆ. ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕಲ್ಲಿನ ಮನೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದಲ್ಲಿ ಇಂಥವು ಸುಮಾರು 400 ಇವೆ, ಹಲವಕ್ಕೆ ಒಂದು ಬದಿಯಲ್ಲಿ ದುಂಡನೆಯ ಕಿಂಡಿ ಇದೆ. ಜನ ಅವನ್ನು ಕುಳ್ಳರಾದ ಮೋರ್ಯರ ಮನೆ ಎಂದು ಕಥೆ ಕಟ್ಟಿದ್ದಾರೆ. ಕರ್ನಾಟಕದ ಇಂಥ ಸಮಾಧಿಗಳನ್ನು ಅಗೆದಾಗ ಅನೇಕ ಕಡೆ ಇಡೀ ದೇಹ ಸಿಗುವುದಿಲ್ಲ, ಬೇರೆಡೆ ಕೊಳೆತ ಮೇಲೆ ಆರಿಸಿ ತಂದಿಟ್ಟ ಕೆಲವೇ ಎಲುಬು ಸಿಗುತ್ತವೆ. ಯಹೂದಿಗಳಿಗೂ ಇವರಿಗೂ ಯಾವ ನಂಟೂ ಇರಲಿಲ್ಲ. ಆದರೂ ಎರಡೂ ಕಡೆಯವರು ಸತ್ತವರಿಗೊಂದು ಮನೆ ಬೇಕು, ಕಲ್ಲಿನದ್ದೇ ಬೇಕು ಎಂದುಕೊಂಡರು.

ಮುಂದೆ, ಗ್ರೀಕರ ಆಳ್ವಿಕೆಯ ಹೊತ್ತಿಗೆ, ಜೆರುಸಲೇಮಿನ ಗವಿಗಳಲ್ಲಿ ಕಟ್ಟೆಯ ಬದಲು ಗೋಡೆಯೊಳಕ್ಕೇ ಆಳುದ್ದ ಗೂಡು ಕೊರೆಯತೊಡಗಿದರು. ಒಂದು ಗೂಡಿಗೆ ಒಬ್ಬರು. ಬಾಯಿಗೆ ಕಲ್ಲು ಮುಚ್ಚುವುದು. ನಮ್ಮ ಖಬರಸ್ತಾನದಲ್ಲಿ ಬಗಲಿ ಖಬರ್ ಎನ್ನುವುದೂ ಕುಣಿಯ ಪಕ್ಕಕ್ಕೆ ತೆಗೆದ ಗೂಡೇ. ಸಡಿಲ ಮಣ್ಣಿನಲ್ಲಿ ಅದು ನಿಲ್ಲುವುದಿಲ್ಲವಾದ್ದರಿಂದ ಸಂದೂಕಿ ತೋಡಿ ಮೇಲೆ ಚಪ್ಪಡಿ ಹಾಸುತ್ತಾರೆ. ಪಕ್ಕದ ಓಣಿಯ ಲಿಂಗಾಯತರೂ ಕುಣಿಯ ಒಳಗೋಡೆಯಲ್ಲಿ ಗೂಡು ತೆಗೆದು ಶರೀರವನ್ನು ಕೂರಿಸುತ್ತಾರೆ. ನಮ್ಮ ಸೀಮೆಯಲ್ಲಿ ಯಾರು ಸತ್ತರೂ 'ಮಣ್ಣಿಗೆ ಹೋಗಿದ್ದೆ' ಎನ್ನುತ್ತೇವೆ. ಆ ಮಾತಿಗೆ ಧರ್ಮದ ಹಂಗಿಲ್ಲ.

ಯೇಸುವಿನ ಕಾಲದ ಆಚೀಚೆ ಇನ್ನೊಂದು ರೂಢಿ ಬಂತು. ವರ್ಷ ಕಳೆದ ಮೇಲೆ ಎಲುಬು ಆರಿಸಿ ಸುಣ್ಣಕಲ್ಲಿನ ಪೆಟ್ಟಿಗೆಯಲ್ಲಿಡುವುದು. ಪೆಟ್ಟಿಗೆಯ ಉದ್ದ ತೊಡೆಯೆಲುಬಿನ ಅಳತೆಗೆ ಸರಿ, ಏಕೆಂದರೆ ದೇಹದಲ್ಲಿ ಅದೇ ಉದ್ದನೆಯ ಎಲುಬು. ಪಕ್ಕಕ್ಕೆ ಮೊಳೆಯಿಂದ ಗೀಚಿದಂತೆ ಹೆಸರು.

ಸಮಾಧಿ ಮುಟ್ಟಿದರೆ ಮೈಲಿಗೆ ಎಂಬ ನಿಯಮ ಅವರಲ್ಲಿ ಬಿಗಿಯಾಗಿತ್ತು. ಹಾಗಾಗಿ ಹಬ್ಬಕ್ಕೆ ಬರುವ ಪರಊರಿನವರು ತಿಳಿಯದೆ ತುಳಿಯಬಾರದೆಂದು ವರ್ಷಕ್ಕೊಮ್ಮೆ ಸಮಾಧಿಗಳಿಗೆ ಸುಣ್ಣ ಬಳಿಯುತ್ತಿದ್ದರು. ಶಬೆ ಬರಾತ್ ಮುಂಚೆ ನಮ್ಮವರೂ ಸುಣ್ಣ ಬಳಿಯುತ್ತಾರೆ. ನಾವು ಬಳಿಯುವುದು ಅಲ್ಲಿಗೆ ಹೋಗಲು, ಅವರು ಬಳಿದದ್ದು ದೂರ ಸರಿಯಲು.

ಉಳ್ಳವರ ಆಡಂಬರ ಅಲ್ಲಿಯೂ ಇತ್ತು. ಹುಕ್ಕೇರಿಯ ಆದಿಲ್‌ಶಾಹಿ ಕಾಲದ ಗುಮ್ಮಟಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂದಿನ ಇರಾಕಿನ ಉತ್ತರದಲ್ಲಿದ್ದ ಅದಿಯಾಬೀನ್ ರಾಜ್ಯದ ರಾಣಿ ಹೆಲೆನಾ ಯಹೂದಿ ಧರ್ಮ ಸೇರಿದ್ದಳು. ಒಂದನೆಯ ಶತಮಾನದಲ್ಲಿ ಜೆರುಸಲೇಮಿನಲ್ಲಿ ಅವಳ ಸಮಾಧಿಯ ಮೇಲೆ ಮೂರು ಪಿರಮಿಡ್ ಎದ್ದವು. ಬಾಗಿಲಿಗೆ ಉರುಳುವ ದುಂಡು ಕಲ್ಲು ಬೇರೆ. ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ಗಮನಿಸಬೇಕು: ಪಿರಮಿಡ್ ಕಡೆಗೂ ಅಲ್ಲಿಗೆ ಬಂತು!

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದಕ್ಕೆ ಎದುರಾಗಿ ನಡೆದ ಬದಲಾವಣೆ. ಯಹೂದಿಗಳ ತಾಲ್ಮುದ್ ಗ್ರಂಥ ಅದನ್ನು ವಿವರವಾಗಿ ದಾಖಲಿಸಿದೆ. ಸಾವಿನ ಮನೆಗೆ ಸಿರಿವಂತರಾದರೆ ಬೆಳ್ಳಿ ಬಂಗಾರದ ಬುಟ್ಟಿಯಲ್ಲಿ, ಬಡವರಾದರೆ ಬೆತ್ತದಂಥ ಕಡ್ಡಿಯ ಬುಟ್ಟಿಯಲ್ಲಿ ಊಟ ಒಯ್ಯುತ್ತಿದ್ದರು. ಬಡವರಿಗೆ ನಾಚಿಕೆಯಾಗುತ್ತಿತ್ತು. ಇನ್ನು ಎಲ್ಲರಿಗೂ ಕಡ್ಡಿಯ ಬುಟ್ಟಿಯೇ ಎಂದು ಕಟ್ಟಳೆಯಾಯಿತು. ಸಿರಿವಂತರ ಹೆಣದ ಮುಖ ತೆರೆದಿಡುತ್ತಿದ್ದರು. ಬರಗಾಲದಲ್ಲಿ ಕಪ್ಪಿಟ್ಟ ಬಡವರ ಮುಖ ಮುಚ್ಚುತ್ತಿದ್ದರು. ಇನ್ನು ಎಲ್ಲರದ್ದೂ ಮುಚ್ಚಬೇಕೆಂದಾಯಿತು. ಸಿರಿವಂತರಿಗೆ ಅಲಂಕಾರದ ಮಂಚ, ಬಡವರಿಗೆ ಬರೀ ಚಟ್ಟ ಎಂಬುದು ಹೋಗಿ ಎಲ್ಲರಿಗೂ ಚಟ್ಟವೇ ಆಯಿತು. ಶವಸಂಸ್ಕಾರದ ಖರ್ಚು ಸಾವಿಗಿಂತ ಭಾರವಾಗಿ, ಬಂಧುಗಳು ಹೆಣ ಬಿಟ್ಟು ಓಡಿಹೋಗುವ ಮಟ್ಟಿಗೆ ಬಂದಿತ್ತಂತೆ. ಆಗ ಧರ್ಮಗುರು ರಬ್ಬಾನ್ ಗಮಲಿಯೇಲ್, ದೊಡ್ಡ ಮನೆತನದವರು, ತನ್ನನ್ನು ಸಾದಾ ನಾರುಬಟ್ಟೆಯಲ್ಲೇ ಒಯ್ಯಿರೆಂದರು. ಗುರುವಿಗೇ ಅಷ್ಟು ಸಾಕಾದರೆ ಉಳಿದವರಿಗೆ? ಸಾದಾ ಬಟ್ಟೆಯೇ ಎಲ್ಲರ ರೂಢಿಯಾಯಿತು.

ಹಜರತ್ ಅಬೂಬಕರ್ ತಮ್ಮ ಹಳೆಯ ಬಟ್ಟೆಯನ್ನೇ ಕಫನ್‌ಗೆ ಬಳಸಲು ಹೇಳಿ, ಹೊಸ ಬಟ್ಟೆ ಬದುಕಿದ್ದವರಿಗೆ ಇರಲಿ ಎಂದದ್ದು ನಿಮಗೆ ಗೊತ್ತು. ಕಫನ್ ಈಗಲೂ ಸಾದಾ. ಮಸೀದಿಯ ಡೋಲಾ ಸಾಹುಕಾರನಿಗೂ ಹಮಾಲನಿಗೂ ಒಂದೇ. ಆದರೆ ನಲವತ್ತನೆಯ ದಿನದ ಊಟಕ್ಕೆ ಸಾಲ ಮಾಡಿದ ಮನೆಗಳು ನಮ್ಮ ಊರುಗಳಲ್ಲಿ ಇವೆ. ತಿಥಿಯೂಟಕ್ಕೆ ಹೊಲ ಒತ್ತೆಯಿಟ್ಟವರೂ ಇದ್ದಾರೆ. ಬುಟ್ಟಿ ಮತ್ತೆ ಬೆಳ್ಳಿಯದಾಗುತ್ತಿದೆ.

ಇದನ್ನೆಲ್ಲ ಪಾಲಿಸುವ ಯಹೂದಿಗಳು ದೂರದವರೇನಲ್ಲ. ಕೊಂಕಣದ ಬೆನೆ ಇಸ್ರಾಯೇಲರು ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ 'ಶನಿವಾರ ತೇಲಿ' ಎನಿಸಿಕೊಂಡವರು. ನಮ್ಮ ಕಡೆಯ ಅಡ್ಡಹೆಸರುಗಳಂತೆ ಅವರವೂ ಊರಿನ ಹೆಸರಿಗೆ 'ಕರ್' ಸೇರಿಸಿದವು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಯಹೂದಿಗಳ ಸ್ಮಶಾನವಿದೆ. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕೊಟ್ಟ ಜಾಗ ಅದು. ಅಲ್ಲಿ ಮೊದಲು ಮಣ್ಣಾದವರು ಸುಬೇದಾರ್ ಸ್ಯಾಮ್ಯುಯೆಲ್ ನಾಗಾವ್‌ಕರ್. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಮೀಯಿಸಿ, ಬಿಳಿ ಬಟ್ಟೆ ಉಡಿಸಿ, ತಡಮಾಡದೆ ಮಣ್ಣು ಮಾಡುವುದು ಅವರ ಕ್ರಮ. ಸಮಾಧಿ ನೋಡಲು ಹೋದವರು ಹೂವಿನ ಬದಲು ಸಣ್ಣ ಕಲ್ಲೊಂದನ್ನು ಇಟ್ಟು, ಹೊರಬರುವಾಗ ಕೈ ತೊಳೆಯುತ್ತಾರೆ.