ಇಲ್ಲೇನಿದೆ ನೋಡಲಿಕ್ಕೆ?

ಸರ್ಕಾರಿ ಸೇವೆಯಲ್ಲಿದ್ದಾಗ ಗುಬ್ಬಿಗೆ ಎಷ್ಟು ಬಾರಿ ಹೋಗಿದ್ದೆನೋ ಲೆಕ್ಕವಿಟ್ಟಿಲ್ಲ. ಜೀಪಿನಿಂದ ಇಳಿದು ಕಚೇರಿ ಹೊಕ್ಕು, ಪ್ರಗತಿ ಪರಿಶೀಲನೆ ಮುಗಿಸಿ ಹಿಂದಿರುಗಿದರೆ ದಿನಚರಿಗೆ ಒಂದು ಸಾಲು ಸೇರುತ್ತಿತ್ತು. ಕಳೆದ ಚಳಿಗಾಲದಲ್ಲಿ ಪತ್ನಿಯೊಡನೆ ತುಮಕೂರಿನಿಂದ ರೈಲು ಹಿಡಿದು, ಯಾವ ಕೆಲಸವೂ ಇಲ್ಲದೆ ಅದೇ ಊರಿನಲ್ಲಿ ಇಡೀ ದಿನ ಕಳೆದೆ. ‘ನೀವು ಇಷ್ಟು ವರ್ಷ ಬಂದದ್ದು ಕಡತ ನೋಡಲಿಕ್ಕೆ, ಊರು ನೋಡಲಿಕ್ಕಲ್ಲ’ ಎಂದು ಅವಳು ನಕ್ಕಳು.

ಚನ್ನಬಸವೇಶ್ವರ ದೇವಸ್ಥಾನದ ಬಳಿ ಹೂ ಮಾರುತ್ತಿದ್ದ ಹಿರಿಯ ಹೆಂಗಸು, ‘ಯಾರ ಮನೆಗೆ ಬಂದಿದ್ರಿ?’ ಎಂದು ವಿಚಾರಿಸಿದರು. ಊರು ನೋಡಲು ಬಂದೆವೆಂದಾಗ ಅವರಿಗೆ ಅಚ್ಚರಿ: ‘ಇಲ್ಲೇನೈತೆ ನೋಡಕ್ಕೆ?’

ಆ ಪ್ರಶ್ನೆ ನನ್ನನ್ನು ಕಾಡುತ್ತಿದೆ. 1884ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ನಾಟಕ ಕಂಪನಿಯು ವೀರಣ್ಣನವರ ಸಾರಥ್ಯದಲ್ಲಿ ಕನ್ನಡ ರಂಗಭೂಮಿಯ ದಿಕ್ಕನ್ನೇ ಬದಲಿಸಿತು. ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಎಲ್ಲರೂ ಆ ಗರಡಿಯಲ್ಲಿ ಪಳಗಿದವರೇ. ಇದೇ ತಾಲ್ಲೂಕಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಇಷ್ಟಿದ್ದೂ ತಮ್ಮ ಊರಿನಲ್ಲಿ ಏನೂ ಇಲ್ಲವೆಂದು ಅಲ್ಲಿಯವರೇ ನಂಬಿದ್ದರೆ, ಆ ನಂಬಿಕೆಯನ್ನು ಬಿತ್ತಿದವರು ಹಾದುಹೋಗುವ ನಾವೇ ಅಲ್ಲವೇ?

ಮರುದಿನ ತುಮಕೂರಿನಿಂದ ಹೆಬ್ಬೂರು ಮಾರ್ಗವಾಗಿ ಕುಣಿಗಲ್‌ಗೆ ಹೋದೆವು. ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕೆರೆಯ ಏರಿಯ ಮೇಲೆ ಸಂಜೆಯವರೆಗೆ ಕುಳಿತೆವು. ನೀರಕೋಳಿಗಳನ್ನು ನೋಡುತ್ತ ಅವಳು ತನ್ನ ತವರಿನ ಕೆರೆಯ ಕಥೆ ಹೇಳಿದಳು. ಮೂವತ್ತೆಂಟು ವರ್ಷಗಳ ದಾಂಪತ್ಯದಲ್ಲಿ ಅದನ್ನು ನಾನು ಕೇಳಿದ್ದು ಅದೇ ಮೊದಲು. ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಂ ಅನ್ನು ನೋಡುವಷ್ಟರಲ್ಲಿ ಹೊತ್ತು ಮೀರಿತ್ತು. ಅದರ ಬಗ್ಗೆ ಇಬ್ಬರಿಗೂ ಬೇಸರವಿರಲಿಲ್ಲ.

ಪ್ರವಾಸೋದ್ಯಮವನ್ನು ನಾವು ಬಂದವರ ತಲೆ ಎಣಿಸಿ ಅಳೆಯುತ್ತೇವೆ. ತಂಗಿದ ಹೊತ್ತನ್ನು ಎಣಿಸುವುದಿಲ್ಲ. ಕಾರಿನಲ್ಲಿ ಬಂದು ಚಿತ್ರ ತೆಗೆದುಕೊಂಡು ಹೊರಟವರಿಂದ ಊರಿಗೆ ಉಳಿಯುವುದು ಹೊಗೆ, ದೂಳು ಮಾತ್ರ. ನಿಧಾನವಾಗಿ ನಡೆಯುವವರು ಹೂ ಕೊಳ್ಳುತ್ತಾರೆ, ಇಡ್ಲಿ ತಿನ್ನುತ್ತಾರೆ, ಎಳನೀರು ಕುಡಿಯುತ್ತಾರೆ, ಆಟೊ ಹತ್ತುತ್ತಾರೆ. ಎರಡು ದಿನದಲ್ಲಿ ನಾವು ಖರ್ಚು ಮಾಡಿದ ಹಣ ಅಲ್ಪವೇ ಇರಬಹುದು. ಆದರೆ ಅದರಲ್ಲಿ ಬಹುಪಾಲು ನೇರವಾಗಿ ಸೇರಿದ್ದು ಆ ಊರಿನವರ ಕೈಗೆ.

ಇದಕ್ಕೆ ಕೋಟಿಗಟ್ಟಲೆ ಯೋಜನೆಯೇನೂ ಬೇಕಿಲ್ಲ. ನಮ್ಮ ಸಣ್ಣ ಪಟ್ಟಣಗಳಲ್ಲಿ ಹಿರಿಯರು ಕೂರಲು ನೆರಳಿನ ಕಲ್ಲುಬೆಂಚು, ಬೀಗ ಹಾಕದ ಶೌಚಾಲಯ, ಒಂದು ರಾತ್ರಿ ನೆಮ್ಮದಿಯಿಂದ ತಂಗಬಹುದಾದ ಕೋಣೆ, ಊರಿನ ಚರಿತ್ರೆ ಹೇಳುವ ಕನ್ನಡದ ಫಲಕ– ಇಷ್ಟಾದರೆ ಸಾಕು. ಅಧಿಕಾರದಲ್ಲಿದ್ದಾಗ ಇದು ನನಗೂ ಹೊಳೆಯಲಿಲ್ಲ. ಆಗ ನನ್ನ ಜೀಪು ಎಲ್ಲಿಯೂ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.